ಹೇಳುವ ಪೆಟ್ಟಿಗೆ, ಕೇಳುವ ಊರು

ಬೆಂಗಳೂರಿನ ಸಿರಿವಂತರ ಮನೆಗಳಿಗೂ ಇನ್ನೂ ಆರು ವರ್ಷ ಕಾಲ ಬಾರದಿದ್ದ ದೂರದರ್ಶನವು ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ 1975ನೆಯ ಇಸವಿಯ ಆಗಸ್ಟ್ 1ರಂದೇ ಬಂದಿತೆಂಬುದು ನಮ್ಮ ಸೀಮೆಯ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ. ಅಮೆರಿಕೆಯಿಂದ ಎರವಲು ಪಡೆದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ವಿದ್ಯೆಯನ್ನೂ ಕೃಷಿಜ್ಞಾನವನ್ನೂ ಮುಟ್ಟಿಸಹೊರಟ ‘ಸೈಟ್’ ಎಂಬ ಆ ಪ್ರಯೋಗದಲ್ಲಿ, ಕೋಳಿಗೂಡಿಗೆ ಹೊದಿಸುವಂಥ ತಂತಿಜಾಲರಿಯಿಂದ ಹೆಣೆದ ಹತ್ತಡಿ ಅಗಲದ ಬೋಗುಣಿಯೊಂದು ಆಕಾಶಕ್ಕೆ ಮುಖವೊಡ್ಡಿ ನಿಲ್ಲುತ್ತಿತ್ತು; ಬೆಳಿಗ್ಗೆ ಮಕ್ಕಳೂ ಸಂಜೆ ಹೊಲದಿಂದ ಮರಳಿದ ಹಿರಿಯರೂ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂಡುತ್ತಿದ್ದರು. ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ.

ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದ ಕಟ್ಟೆಯ ಮೇಲೆ, ಬಾಲ್ಯದಲ್ಲಿ ಪಕ್ಕದೂರಿಗೆ ನಡೆದುಹೋಗಿ ಅದನ್ನು ಕಂಡಿದ್ದ ಹಿರಿಯರೊಬ್ಬರನ್ನು ಈಚೆಗೆ ನಾನು ಕೇಳಿದೆ: ಅದರಿಂದ ಊರಿಗೇನಾಯಿತು? ಅವರು ಕೈಯಲ್ಲಿದ್ದ ತೊಗರಿಕಾಳನ್ನು ಹೊರಳಿಸುತ್ತ, “ಅದು ಹೇಳಿದ್ದು ನಾವು ಕೇಳ್ತಿದ್ದೆವ್ರಿ, ನಾವು ಅಂದಿದ್ದು ಅದಕ್ಕ ಎಲ್ಲಿ ಕೇಳಸ್ತಿತ್ತು?” ಎಂದರು.

ಆ ಮಾತು ನನ್ನನ್ನು ಬಿಡಲೊಲ್ಲದು. ನಿಜಾಮನ ಆಳಿಕೆಯಲ್ಲಿ ಕಚೇರಿಯ ಮಾತು ಉರ್ದುವಾಗಿತ್ತು. 1956ರ ಏಕೀಕರಣದ ತರುವಾಯ ಕನ್ನಡವಾಯಿತು. 1966ರಲ್ಲಿ ಕಲಬುರಗಿಗೆ ಆಕಾಶವಾಣಿಯೂ ಬಂದಿತು. ಭಾಷೆ ಬದಲಾದರೂ ಮಾತು ಮೇಲಿನಿಂದ ಕೆಳಗೆ ಇಳಿಯುವ ದಾರಿ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಹಿಂದುಳಿದ ನಾಡಿನಲ್ಲಿ ಜನರನ್ನು ಬರಿಯ ಶ್ರೋತೃಗಳೆಂದೆಣಿಸುವುದನ್ನು ನಾನು ಒಪ್ಪಲಾರೆ. ಏಕೆಂದರೆ ಸಂವಾದವೆಂಬುದು ಈ ನೆಲಕ್ಕೆ ಹೊಸತಲ್ಲ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿಗೆ ಹಾಡುವ ರಾತ್ರಿಗಳಲ್ಲಿ ಪದ ಮುಗಿದೊಡನೆ ಕೇಳಿದವನು ಅರ್ಥವನ್ನು ಕೆದಕುತ್ತಾನೆ, ಹಾಡಿದವನು ಉತ್ತರ ಕೊಡಬೇಕಾಗುತ್ತದೆ. ಹರದೇಶಿ–ನಾಗೇಶಿಯ ಮೇಳವಂತೂ ಸವಾಲು–ಜವಾಬುಗಳ ಮೇಲೆಯೇ ನಿಂತಿದೆ. ಅಲ್ಲಿ ಕೇಳುಗನಿಗೆ ನಾಲಿಗೆಯುಂಟು.

ಉಪಗ್ರಹದ ಅವಧಿ 1976ರ ಜುಲೈ 31ಕ್ಕೆ ತೀರಿತು. ಮರುವರ್ಷ ಕಲಬುರಗಿಯಲ್ಲಿಯೇ ದೂರದರ್ಶನ ಕೇಂದ್ರ ತೆರೆಯಿತು. ಇಂದು ಅದೇ ಕಟ್ಟೆಯ ಹುಡುಗರ ಅಂಗೈಯಲ್ಲಿ ಕಲಬುರಗಿ ಮಾರುಕಟ್ಟೆಯ ತೊಗರಿ ಧಾರಣೆ ಕ್ಷಣಮಾತ್ರದಲ್ಲಿ ಮೂಡುತ್ತದೆ. ಆ ಧಾರಣೆ ಬೀಜ–ಗೊಬ್ಬರದ ಖರ್ಚಿಗೂ ಸಾಲದೆಂಬ ರೈತನ ಮಾತು ಮಾತ್ರ ಅಷ್ಟೇ ವೇಗದಲ್ಲಿ ಮರಳಿ ಹೋಗುತ್ತಿಲ್ಲ.

ಮುಂದಿನ ಸಂಚಿಕೆಯಿಂದ ನಮ್ಮ ನಡುವಿನ ನಾಲ್ಕು ಪುಟಗಳನ್ನು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಓದುಗರ ಪತ್ರಗಳಿಗೆ ಮೀಸಲಿಡುತ್ತೇವೆ. ನಿಮ್ಮೂರ ಮಾತಿನಲ್ಲಿಯೇ ಬರೆಯಿರಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಬರೆಯಿಸಿ ಕಳುಹಿರಿ. ‘ಕೇಳಸ್ತಿತ್ತು’ ಎಂದಿದ್ದುದನ್ನು ನಾವು ‘ಕೇಳಿಸುತ್ತಿತ್ತು’ ಎಂದು ತಿದ್ದುವುದಿಲ್ಲ.