ಕಟ್ ಹೊಡೆಯಬೇಡಿ, ಬ್ರೇಕ್ ಒತ್ತಿ

ಹೆದ್ದಾರಿಗಳಿಂದ ಬಿಡಾಡಿ ದನಗಳನ್ನು ತೆರವುಗೊಳಿಸಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದ ಮೇಲೆ ಚರ್ಚೆಯೆಲ್ಲ ಗೋಶಾಲೆ, ಗಸ್ತು ವಾಹನ, ಸಹಾಯವಾಣಿಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಆದೇಶ ಸರಿಯಾದದ್ದೇ. ಆದರೆ ಗೂಳಿಯೋ ಎಮ್ಮೆಯೋ ಗಾಡಿಯ ಮುಂದೆ ಬಂದು ನಿಂತಾಗ ಚಾಲಕ ಏನು ಮಾಡಬೇಕು ಎಂಬ ಮಾತೇ ಏಳುತ್ತಿಲ್ಲ. ಉತ್ತರ ಇಷ್ಟೆ: ಸ್ಟೇರಿಂಗ್ ತಿರುಗಿಸಬಾರದು. ತನ್ನ ಪಥದಲ್ಲೇ, ನೇರವಾಗಿ, ಪೂರ್ತಿ ಬ್ರೇಕ್ ಒತ್ತಬೇಕು. ಪ್ರಾಣಿಗೆ ಬಡಿಯುವುದು ಖಚಿತವೆಂದು ಕಂಡರೂ.

ಕೇಳಲು ಕಠೋರ ಮಾತು. ದನಕ್ಕೆ ಗುದ್ದುವುದು ಪಾಪವೆಂದು ನಂಬಿದ ನಾಡಿನಲ್ಲಿ ಚಾಲಕನ ಕೈ ತಾನಾಗಿಯೇ ತಿರುಗುತ್ತದೆ. ಜನ ಸೇರಿ ಹೊಡೆದಾರು ಎಂಬ ಭಯವೂ ಇದ್ದೇ ಇರುತ್ತದೆ. ಆದರೆ ಕಟ್ ಹೊಡೆದ ಗಾಡಿ ಹೋಗುವುದಾದರೂ ಎಲ್ಲಿಗೆ?

ತುಂಗಭದ್ರೆಗೆ ಶಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಕಟ್ಟಿರುವ ಹಮ್ಮಿಗಿಯನ್ನೇ ತೆಗೆದುಕೊಳ್ಳಿ. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಇಂಥ ಊರುಗಳ ರಸ್ತೆಯಲ್ಲಿ ಸಂಜೆಯಾದರೆ ಮನೆಗೆ ಮರಳುವ ದನ, ಕುರಿ ಹಿಂಡು, ಟ್ರ್ಯಾಕ್ಟರ್, ಬೈಕು ಎಲ್ಲವೂ ಒಟ್ಟಿಗೇ ಇರುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಏಕಪಥ ರಸ್ತೆಯ ಡಾಂಬರಿನ ಅಗಲ 3.75 ಮೀಟರ್. ಅಡ್ಡ ನಿಂತ ದೊಡ್ಡ ಎಮ್ಮೆಯೊಂದು ಅದರಲ್ಲಿ ಎರಡು ಮೀಟರಿನಷ್ಟು ಹಿಡಿದರೆ ಸಣ್ಣ ಕಾರೂ ಚಕ್ರ ಕೆಳಗಿಳಿಸದೆ ದಾಟುವುದು ಕಷ್ಟ. ಎಮ್ಮೆ ನಟ್ಟನಡುವೆ ನಿಂತಿದ್ದರೆ ಆ ಜಾಗವೂ ಎರಡು ಹೋಳು. ಅಂಚು ದಾಟಿದರೆ ಎರೆಮಣ್ಣು. ಮಳೆ ಬಿದ್ದ ಎರೆಮಣ್ಣು ಚಕ್ರವನ್ನು ಹಿಡಿದೆಳೆದರೆ ಗಾಡಿ ಮತ್ತೆ ಚಾಲಕನ ಮಾತು ಕೇಳುವುದಿಲ್ಲ. ಹಿಂದೆ ಕೂಲಿಕಾರರನ್ನು ಕೂರಿಸಿಕೊಂಡ ಸರಕು ಸಾಗಣೆಯ ಟಂಟಂ ಆದರಂತೂ ಪಲ್ಟಿಯಾಗುವುದೇ ಹೆಚ್ಚು.

2025ರ ಜನವರಿ 14ರ ಬೆಳಗಿನ ಜಾವ ಕಿತ್ತೂರು ಸಮೀಪ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರ ಕಾರು ಮರಕ್ಕೆ ಬಡಿದು ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ನಾಯಿ ಅಡ್ಡ ಬಂದದ್ದೇ ಕಾರಣವೆಂದು ಮೊದಲು ಸುದ್ದಿಯಾಯಿತು. ಲಾರಿಯೊಂದು ಪಥ ಬದಲಿಸಿತೆಂದು ಆಮೇಲೆ ದೂರು ದಾಖಲಾಯಿತು. ಎರಡರಲ್ಲಿ ಯಾವುದೇ ನಿಜವಿರಲಿ, ಅಷ್ಟು ದೊಡ್ಡ ಪೆಟ್ಟು ಕೊಟ್ಟದ್ದು ರಸ್ತೆ ಬಿಟ್ಟ ಮೇಲೆ ಎದುರಾದ ಮರ.

ನುರಿತ ಕೈಗಳಾದರೆ ಕಟ್ ಹೊಡೆದೂ ಪಾರಾಗಬಹುದೆಂಬ ವಾದವಿದೆ. ಸ್ವೀಡನ್‌ನಲ್ಲಿ ಮೂಸ್ ಎಂಬ ಭಾರಿ ಗಾತ್ರದ ಜಿಂಕೆ ಅಡ್ಡ ಬಂದರೆ ಕಾರು ಹೇಗೆ ತಿರುಗೀತು ಎಂದು ನೋಡಲು ಒಂದು ಪರೀಕ್ಷೆಯೇ ಇದೆ. 1997ರಲ್ಲಿ ಮರ್ಸಿಡಿಸ್‌ನ ಹೊಸ ಎ-ಕ್ಲಾಸ್ ಕಾರು ಆ ಪರೀಕ್ಷೆಯಲ್ಲೇ ಮಗುಚಿಬಿತ್ತು. ಕಂಪನಿ ಮಾರಿದ ಕಾರುಗಳನ್ನು ವಾಪಸು ಕರೆಸಿ, ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅಳವಡಿಸಬೇಕಾಯಿತು. ಅಲ್ಲಿ ಅಡ್ಡ ಇದ್ದದ್ದು ಪ್ಲಾಸ್ಟಿಕ್ ಶಂಕುಗಳು, ಚಾಲಕನಿಗೆ ಎಲ್ಲಿ ತಿರುಗಿಸಬೇಕೆಂಬುದು ಮೊದಲೇ ಗೊತ್ತಿತ್ತು.

ಈಗ ಯಾರೂ ಲೆಕ್ಕಕ್ಕೆ ಹಿಡಿಯದ ಸಂಖ್ಯೆಗೆ ಬರೋಣ: 45 ಮೀಟರ್. ಡಿಮ್ ಲೈಟಿನಲ್ಲಿ, ಕಪ್ಪು ಡಾಂಬರಿನ ಮೇಲೆ ನಿಂತ ಕಪ್ಪು ಎಮ್ಮೆ ಹೆಚ್ಚೂಕಡಿಮೆ ಅಷ್ಟು ದೂರದಲ್ಲಿ ಕಾಣುತ್ತದೆ, ಅದೂ ಗಾಜು ಸ್ವಚ್ಛವಿದ್ದರೆ. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿಯಿರಿ. ಗಂಟೆಗೆ 60 ಕಿ.ಮೀ. ವೇಗದ ಕಾರು ಅಷ್ಟರಲ್ಲೇ 25 ಮೀಟರ್ ಓಡಿರುತ್ತದೆ. ಒಣ ರಸ್ತೆ, ಒಳ್ಳೆಯ ಟೈರು ಇದ್ದರೆ ಉಳಿದ 20 ಮೀಟರಿನಲ್ಲಿ ಎಮ್ಮೆಯ ಮುಂದೆಯೇ ನಿಲ್ಲುತ್ತದೆ. ಅದೇ ಕಾರು 80ರಲ್ಲಿದ್ದರೆ? ಬ್ರೇಕ್ ಹಿಡಿಯುವ ಹೊತ್ತಿಗೆ ಉಳಿದಿರುವುದು ಬರೀ 12 ಮೀಟರ್. ಎಮ್ಮೆಗೆ ಬಡಿಯುವಾಗಲೂ ಅದರ ವೇಗ ಸುಮಾರು 65! ಹೆಚ್ಚಿಸಿದ್ದು 20 ಕಿ.ಮೀ., ತೆತ್ತದ್ದು 65ರ ಹೊಡೆತ. ಅಷ್ಟು ವೇಗದಲ್ಲಿ ಗುದ್ದಿದರೆ ಕಾಲು ಮುರಿದ ದನದ ಮೈ ಬಾನೆಟ್ ಏರಿ ಮುಂಗಾಜಿಗೇ ಬರಬಹುದು.

ರಸ್ತೆ ಕಾಂಗ್ರೆಸ್ ಇನ್ನೂ ಎಚ್ಚರಿಕೆಯಿಂದ, ಎರಡೂವರೆ ಸೆಕೆಂಡು ಹಿಡಿದು ಲೆಕ್ಕ ಹಾಕುತ್ತದೆ. ಅದರ ಪ್ರಕಾರ ಸುರಕ್ಷಿತವಾಗಿ ನಿಲ್ಲಲು 60ಕ್ಕೆ 80 ಮೀಟರ್, 80ಕ್ಕೆ 120 ಮೀಟರ್ ಕಾಣಬೇಕು. 45 ಮೀಟರ್ ಸಾಕಾಗುವ ವೇಗ 40 ಮಾತ್ರ. ಅಂದರೆ ಡಿಮ್ ಲೈಟಿನಲ್ಲಿ 80ರಲ್ಲಿ ಹೋಗುವವನು, ತಿರುಗಿಸಬೇಕೋ ಗುದ್ದಬೇಕೋ ಎಂಬ ಆಯ್ಕೆಯನ್ನು ಎಮ್ಮೆ ಕಾಣುವ ಮೊದಲೇ ಕಳೆದುಕೊಂಡಿರುತ್ತಾನೆ.

ಬೈಕ್ ಸವಾರರಿಗೆ ಈ ಮಾತು ಹಾಗೇ ಅನ್ವಯಿಸದು ಎಂಬ ಆಕ್ಷೇಪ ನ್ಯಾಯವಾದದ್ದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ದನಕ್ಕೆ ಗುದ್ದಿದರೆ ಅವರಿಗೆ ಗಾಜೂ ಇಲ್ಲ, ಬೆಲ್ಟೂ ಇಲ್ಲ. ಆದರೆ ಅವರಿಗೂ ಕ್ರಮ ಅದೇ: ಮೊದಲು ಬೈಕ್ ನೆಟ್ಟಗಿಟ್ಟು ಬ್ರೇಕ್, ವೇಗ ಇಳಿದ ಮೇಲಷ್ಟೇ ಪ್ರಾಣಿಯ ಬಾಲದ ಕಡೆಯಿಂದ ದಾಟುವುದು. ಮುಂದಿನಿಂದ ದಾಟಲು ಹೋದರೆ ಬೆದರಿದ ದನವೂ ಅತ್ತಲೇ ನುಗ್ಗುವುದು ಹೆಚ್ಚು. ಹಿಂದೆ ಕರುವಿದೆಯೇ ಎಂದು ನೋಡುವುದನ್ನೂ ಮರೆಯಬಾರದು.

ಕೋರ್ಟಿನ ಆದೇಶದ ಕಣ್ಣು ಹೆದ್ದಾರಿಗಳ ಮೇಲಿದೆ. ಹಳ್ಳಿಯ ರಸ್ತೆಗೆ ಗಸ್ತು ವಾಹನ ಬರುವುದಿಲ್ಲ, ಅಲ್ಲಿ ಓಡಾಡುವ ದನಗಳಲ್ಲಿ ಬಹಳಷ್ಟಕ್ಕೆ ಒಡೆಯರೂ ಇದ್ದಾರೆ. ಪಂಚಾಯಿತಿಗಳು ಬಿಡಾಡಿ ದನ ಕೂಡಿಹಾಕುವ ಕೊಂಡವಾಡಗಳನ್ನು ಮತ್ತೆ ತೆರೆಯಲಿ, ಕೊರಳಿಗೆ ರೇಡಿಯಂ ಪಟ್ಟಿ ಕಟ್ಟಿಸಲಿ. ಆದರೆ ಮೊದಲ ಕೆಲಸ ಗದಗ ಜಿಲ್ಲಾಡಳಿತದ್ದು: ದನಕರು ಓಡಾಡುವ ಗ್ರಾಮೀಣ ರಸ್ತೆಗಳಲ್ಲಿ ಕತ್ತಲಾದ ಮೇಲೆ 40 ಕಿ.ಮೀ. ಮಿತಿಯ ಫಲಕ ನೆಡಬೇಕು. ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ನಿನಲ್ಲಿ ಅದಕ್ಕೆ ಅವಕಾಶವಿದೆ.