ರಾಗ ಎಲ್ಲರದು, ರೆಕಾರ್ಡು ಯಾರದು? 'ವರಾಹ ರೂಪಂ' ವ್ಯಾಜ್ಯದಲ್ಲಿ ಗಡಿನಾಡಿಗೂ ಪಾಠವಿದೆ

ಕಾಸರಗೋಡು: ಸಿನಿಮಾ ಹಾಡು ಕೋರ್ಟು ಮೆಟ್ಟಿಲೇರುವುದು ಹೊಸತೇನಲ್ಲ. ಆದರೆ ಕನ್ನಡ ಚಿತ್ರವೊಂದರ ಹಾಡು ತೆರೆಗೆ ಬಂದ ಐದೇ ತಿಂಗಳೊಳಗೆ ಕೇರಳದ ಎರಡು ಜಿಲ್ಲಾ ನ್ಯಾಯಾಲಯ ಹಾಗೂ ಹೈಕೋರ್ಟು ಸುತ್ತಿ, ದಿಲ್ಲಿಯ ಸುಪ್ರೀಂ ಕೋರ್ಟಿನ ತನಕ ಹೋದದ್ದು ಅಪರೂಪವೇ. 'ಕಾಂತಾರ' ಚಿತ್ರದ 'ವರಾಹ ರೂಪಂ' ಹಾಡಿನ ಕಥೆ ಅದು. ಭಜನಾ ಮಂಡಳಿ, ಗಾನಮೇಳ, ತುಳು-ಕನ್ನಡ ಆಲ್ಬಂ ಎಂದು ಓಡಾಡುವ ಗಡಿನಾಡಿನ ಹುಡುಗರೂ ಇದನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಎರಡು ಹಾಡು, ಒಂದು ದೂರು

ರಿಷಬ್ ಶೆಟ್ಟಿ ನಿರ್ದೇಶನದ, ಹೊಂಬಾಳೆ ಫಿಲಂಸ್ ನಿರ್ಮಾಣದ 'ಕಾಂತಾರ' ತೆರೆಗೆ ಬಂದದ್ದು 2022ರ ಸೆಪ್ಟೆಂಬರ್ 30ರಂದು. ಚಿತ್ರೀಕರಣ ನಡೆದದ್ದು ಕುಂದಾಪುರ ಕಡೆಯ ಕೆರಾಡಿಯಲ್ಲಿ. ಚಿತ್ರದ ಕ್ಲೈಮ್ಯಾಕ್ಸಿಗೆ ಜೀವ ತುಂಬಿದ್ದು 'ವರಾಹ ರೂಪಂ'. ಬಿ. ಅಜನೀಶ್ ಲೋಕನಾಥ್ ಸಂಗೀತ, ಶಶಿರಾಜ್ ಕಾವೂರು ಸಾಹಿತ್ಯ, ಸಾಯಿ ವಿಘ್ನೇಶ್ ಗಾಯನ. ನಾದಸ್ವರ ಒಂದು ಕಡೆ, ಎಲೆಕ್ಟ್ರಿಕ್ ಗಿಟಾರ್ ಇನ್ನೊಂದು ಕಡೆ. ಅಕ್ಟೋಬರಿನಲ್ಲಿ ಚಿತ್ರ ಹಿಂದಿ, ತೆಲುಗು, ತಮಿಳಿಗೂ ಡಬ್ ಆಯಿತು. ಅಕ್ಟೋಬರ್ 20ರಂದು ಮಲಯಾಳದಲ್ಲೂ ಬಂತು. ಕೇರಳದಲ್ಲಿ ವಿತರಣೆ ನಟ ಪೃಥ್ವಿರಾಜ್ ಅವರ ಸಂಸ್ಥೆಯದು.

ಮಲಯಾಳ ಆವೃತ್ತಿ ಬಂದ ಕೆಲವೇ ದಿನಗಳಲ್ಲಿ ತಕರಾರು ಎದ್ದಿತು. ಎತ್ತಿದ್ದು ಕೊಚ್ಚಿಯ 'ತೈಕ್ಕುಡಂ ಬ್ರಿಡ್ಜ್' ಎಂಬ ಸಂಗೀತ ತಂಡ. 2013ರಲ್ಲಿ ಗೋವಿಂದ್ ಮೆನನ್ (ಈಗ ಗೋವಿಂದ್ ವಸಂತ ಎಂದೇ ಹೆಸರು) ಮತ್ತು ಸಿದ್ಧಾರ್ಥ್ ಮೆನನ್ ಕಟ್ಟಿದ ತಂಡ ಇದು. ಗೋವಿಂದ್ ಅವರೇ ತಮಿಳಿನ '96' ಚಿತ್ರಕ್ಕೂ ಸಂಗೀತ ಕೊಟ್ಟವರು. 'ಕಾಂತಾರ'ಕ್ಕಿಂತ ಹಲವು ವರ್ಷ ಮೊದಲೇ ಬಂದಿದ್ದ ತಮ್ಮ 'ನವರಸಂ' ಹಾಡನ್ನು 'ವರಾಹ ರೂಪಂ' ನಕಲು ಮಾಡಿದೆ ಎಂಬುದು ತಂಡದ ದೂರು. 'ನವರಸಂ' ಹಾಡಿನ ಹಕ್ಕು ತನ್ನದೆಂದು ಮಾತೃಭೂಮಿ ಸಂಸ್ಥೆಯೂ ಬೇರೆಯೇ ದಾವೆ ಹೂಡಿತು. ಚಿತ್ರತಂಡದ ಉತ್ತರವೂ ನೇರವಾಗಿತ್ತು. ರಾಗ ಒಂದೇ ಆದಾಗ ಕಿವಿಗೆ ಹೋಲಿಕೆ ಕಾಣುವುದು ಸಹಜ, ಇದು ಕೃತಿಚೌರ್ಯ ಅಲ್ಲ ಎಂಬುದು ಅವರ ವಾದ.

ತಡೆ, ತೆರವು, ಮತ್ತೆ ತಡೆ

2022ರ ಅಕ್ಟೋಬರ್ 28ರಂದು ಕಲ್ಲಿಕೋಟೆ ಜಿಲ್ಲಾ ನ್ಯಾಯಾಲಯ, ತಂಡದ ಅನುಮತಿ ಇಲ್ಲದೆ ಹಾಡನ್ನು ಬಳಸಕೂಡದೆಂದು ತಡೆ ನೀಡಿತು. ಪಾಲಕ್ಕಾಡ್ ಜಿಲ್ಲಾ ನ್ಯಾಯಾಲಯದಿಂದಲೂ ತಡೆ ಬಂತು. ಯೂಟ್ಯೂಬಿನಿಂದ ಹಾಡು ಮಾಯವಾಯಿತು. ನಿರ್ಮಾಪಕರು ಹೈಕೋರ್ಟಿಗೆ ಹೋದರೆ, ಮೊದಲು ಕೆಳಗಿನ ಕೋರ್ಟಿನಲ್ಲೇ ಪರಿಹಾರ ಕೇಳಿ ಎಂಬ ಉತ್ತರ ಸಿಕ್ಕಿತು.

ನವೆಂಬರ್ 24ರಂದು ಚಿತ್ರ ಅಮೆಜಾನ್ ಪ್ರೈಮ್‌ಗೆ ಬಂದಾಗ ನೋಡಿದವರಿಗೆ ಅಚ್ಚರಿ. ಸಾಹಿತ್ಯ ಅದೇ, ಟ್ಯೂನು ಬೇರೆ! 'ಹಳೆಯ ಹಾಡೇ ಬೇಕು' ಎಂದು ಪ್ರೇಕ್ಷಕರು ಜಾಲತಾಣಗಳಲ್ಲಿ ಪಟ್ಟು ಹಿಡಿದರು. ಮರುದಿನವೇ ಕಲ್ಲಿಕೋಟೆ ಕೋರ್ಟು, ದಾವೆ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಅದನ್ನು ಹಿಂದಿರುಗಿಸಿತು. ಡಿಸೆಂಬರ್ ಆರಂಭದಲ್ಲಿ ಪಾಲಕ್ಕಾಡಿನ ತಡೆಯೂ ತೆರವಾಗಿ, ಹಳೆಯ ಹಾಡು ಪುನಃ ಚಿತ್ರದೊಳಗೆ ಸೇರಿಕೊಂಡಿತು.

ಅಲ್ಲಿಗೆ ಮುಗಿಯಿತೇ ಎಂದರೆ ಇಲ್ಲ. ಕಲ್ಲಿಕೋಟೆಯಲ್ಲಿ ಪೊಲೀಸ್ ಕೇಸೂ ದಾಖಲಾಗಿತ್ತು. ನಿರ್ದೇಶಕ ರಿಷಬ್ ಶೆಟ್ಟಿ, ನಿರ್ಮಾಪಕ ವಿಜಯ್ ಕಿರಗಂದೂರು ನಿರೀಕ್ಷಣಾ ಜಾಮೀನು ಕೋರಿದರು. 2023ರ ಫೆಬ್ರವರಿ 8ರಂದು ಕೇರಳ ಹೈಕೋರ್ಟು ಜಾಮೀನು ಕೊಟ್ಟಿತು. ಜತೆಗೆ, ಸಿವಿಲ್ ಕೋರ್ಟಿನ ಆದೇಶ ಬರುವ ತನಕ ಈ ಹಾಡಿನೊಂದಿಗೆ ಚಿತ್ರ ಪ್ರದರ್ಶಿಸಬಾರದೆಂಬ ಷರತ್ತನ್ನೂ ಹಾಕಿತು. ಫೆಬ್ರವರಿ 10ರಂದು ಸುಪ್ರೀಂ ಕೋರ್ಟು ಆ ಷರತ್ತಿಗೆ ತಡೆ ನೀಡಿತು. ಸಿವಿಲ್ ವ್ಯಾಜ್ಯ ಆ ಬಳಿಕವೂ ನಡೆಯಿತು.

ಹಾಡಿಗೆ ಪೊಲೀಸ್ ಕೇಸು ಯಾಕೆ?

ಹಾಡು ಹೋಲುತ್ತದೆ ಎಂದಮಾತ್ರಕ್ಕೆ ಬಂಧನದ ಭಯ ಯಾಕೆ ಎಂದು ಕೇಳುವವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ನೇ ಸೆಕ್ಷನ್ ಪ್ರಕಾರ, ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷದ ವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ವರೆಗೆ ದಂಡ ಇದೆ. ಇದು ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಷ್ಟೇ ಹೇಳಿತ್ತು. 'ಕಾಂತಾರ' ಬಂದದ್ದು ಅದಾಗಿ ನಾಲ್ಕು ತಿಂಗಳಿಗೆ. ಹಾಗಾಗಿ ಸಿವಿಲ್ ವ್ಯಾಜ್ಯದ ಜತೆಗೇ ಕ್ರಿಮಿನಲ್ ಕೇಸಿನ ಬಿಸಿಯೂ ತಟ್ಟಿತು.

ರಾಗಕ್ಕೆ ಯಜಮಾನನಿಲ್ಲ

ಈ ಗಲಾಟೆಯನ್ನು ಕನ್ನಡಿಗರು-ಮಲಯಾಳಿಗರ ಜಗಳ ಎಂಬಂತೆ ಕಂಡವರೂ ಇದ್ದರು. ಅದು ತಪ್ಪು ಲೆಕ್ಕ. ಕೋರ್ಟಿನ ಮುಂದಿದ್ದದ್ದು ಭಾಷೆಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ.

ಕಾನೂನಿನ ಕಣ್ಣಿಗೆ ಹಾಡು ಎಂದರೆ ಒಂದು ವಸ್ತುವಲ್ಲ, ಮೂರು. ಸಾಹಿತ್ಯ ಒಂದು, ಸಂಗೀತ ಇನ್ನೊಂದು, ರೆಕಾರ್ಡಿಂಗ್ ಮತ್ತೊಂದು. ಸಾಹಿತ್ಯ ಮತ್ತು ಸಂಗೀತಕ್ಕೆ ಕರ್ತೃ ತೀರಿಕೊಂಡ ಬಳಿಕವೂ 60 ವರ್ಷ ರಕ್ಷಣೆ. ರೆಕಾರ್ಡಿಂಗಿಗೆ ಪ್ರಕಟವಾದ ಬಳಿಕ 60 ವರ್ಷ. ಪ್ರೈಮ್‌ನಲ್ಲಿ ಸಾಹಿತ್ಯ ಉಳಿಸಿಕೊಂಡು ಟ್ಯೂನು ಮಾತ್ರ ಬದಲಿಸಿದ್ದು ಇದಕ್ಕೇ. ತಕರಾರು ಇದ್ದದ್ದು ಸಂಗೀತದ ಮೇಲೆ, ಸಾಹಿತ್ಯದ ಮೇಲಲ್ಲ.

ರಾಗ, ತಾಳ, ವಾದ್ಯ ಯಾರೊಬ್ಬರ ಆಸ್ತಿಯೂ ಅಲ್ಲ. ವಿಚಾರಕ್ಕೆ ಹಕ್ಕಿಲ್ಲ, ವಿಚಾರವನ್ನು ಹೇಳಿದ ರೀತಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಆದರೆ ಅದೇ ರಾಗದೊಳಗೆ ಸ್ವರಗಳನ್ನು ಒಂದು ಕ್ರಮದಲ್ಲಿ ಹೆಣೆದು ಕಟ್ಟಿದರೆ ಆ ಹೆಣಿಗೆಗೆ ಯಜಮಾನ ಇರುತ್ತಾನೆ. ಹೋಲಿಕೆ ರಾಗದ್ದೋ, ಹೆಣಿಗೆಯದ್ದೋ? ಇಡೀ ವ್ಯಾಜ್ಯ ನಿಂತಿದ್ದು ಈ ಒಂದು ಪ್ರಶ್ನೆಯ ಮೇಲೆ.

ಇದೇ ಪ್ರಶ್ನೆ 2025ರಲ್ಲಿ ದಿಲ್ಲಿಯಲ್ಲೂ ಎದ್ದಿತು. 'ಪೊನ್ನಿಯಿನ್ ಸೆಲ್ವನ್-2' ಚಿತ್ರದ 'ವೀರಾ ರಾಜ ವೀರ' ಹಾಡು ತಮ್ಮ ಮನೆತನದ 'ಶಿವ ಸ್ತುತಿ'ಯಿಂದ ಬಂದದ್ದು ಎಂದು ಧ್ರುಪದ್ ಗಾಯಕ ಫೈಯಾಜ್ ವಾಸಿಫುದ್ದೀನ್ ಡಾಗರ್ ಅವರು ಎ.ಆರ್. ರೆಹಮಾನ್ ವಿರುದ್ಧ ದಾವೆ ಹೂಡಿದ್ದರು. ಏಪ್ರಿಲಿನಲ್ಲಿ ಏಕಸದಸ್ಯ ಪೀಠ ಡಾಗರ್ ಪರ ಮಧ್ಯಂತರ ಆದೇಶ ನೀಡಿತು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ರದ್ದುಪಡಿಸಿತು. ಹಾಡಿದ ಮಾತ್ರಕ್ಕೆ ಹಾಡುಗಾರರೇ ರಚನಕಾರರು ಎಂದು ಭಾವಿಸಲಾಗದು ಎಂಬುದು ಅದರ ನಿಲುವಿನ ಸಾರ.

ಪಾಡ್ದನಕ್ಕೆ ಯಾರು ವಾರಸುದಾರ?

ಈ ಮಾತು ಗಡಿನಾಡಿಗೆ ನೇರವಾಗಿ ತಾಗುತ್ತದೆ. ಚಂದ್ರಗಿರಿ ಹೊಳೆಯ ಬಡಗಿಗೆ ದೈವದ ಕೋಲ, ತೆಂಕಿಗೆ ತೆಯ್ಯಂ. ಭಾಷೆ ಬದಲಾದರೂ ಬಣ್ಣ, ಬೆಂಕಿ, ಭಕ್ತಿ ಒಂದೇ ಕಡೆಯಿಂದ ಬಂದ ಹಾಗಿವೆ. 'ಕಾಂತಾರ'ಕ್ಕೆ ಬಂಡವಾಳವಾದದ್ದು ಇದೇ ಆರಾಧನೆ. 2024ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಚಿತ್ರಕ್ಕೆ ಅತ್ಯುತ್ತಮ ಮನರಂಜನಾ ಚಿತ್ರದ ಗೌರವ, ರಿಷಬ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಸಂತೋಷವೇ. ಆದರೆ ಹಕ್ಕಿನ ಜಗಳ ನಡೆದದ್ದು ಸಂಗೀತ ತಂಡ, ಪ್ರಕಾಶನ ಸಂಸ್ಥೆ ಮತ್ತು ಚಿತ್ರಸಂಸ್ಥೆಯ ನಡುವೆ. ತಲೆಮಾರುಗಳಿಂದ ಪಾಡ್ದನ ಹೇಳಿಕೊಂಡು, ಕೋಲ ಕಟ್ಟಿಕೊಂಡು ಬಂದ ನಲಿಕೆ, ಪರವ, ಪಂಬದ ಸಮುದಾಯಗಳಿಗೆ ಈ ಲೆಕ್ಕದಲ್ಲಿ ಎಲ್ಲೂ ಜಾಗವಿಲ್ಲ.

ಕಾರಣ ಸರಳ. ಪಾಡ್ದನಕ್ಕೆ ಕರ್ತೃ ಇಂಥವರೇ ಎಂದು ತೋರಿಸಲು ಆಗುವುದಿಲ್ಲ, ಹಾಗಾಗಿ ಸಮುದಾಯಕ್ಕೆ ಕೃತಿಸ್ವಾಮ್ಯವೂ ಇಲ್ಲ. ಆದರೆ ಯಾರಾದರೂ ಮೈಕು ಹಿಡಿದು ಅದನ್ನು ರೆಕಾರ್ಡು ಮಾಡಿದರೆ, ಆ ರೆಕಾರ್ಡಿಂಗ್ ಮಾತ್ರ ಮಾಡಿಸಿದವರ ಸ್ವತ್ತಾಗುತ್ತದೆ. ಹಾಗಂತ ಹಾಡಿದವರ ಕೈ ಪೂರ್ತಿ ಖಾಲಿಯೂ ಅಲ್ಲ. 2012ರ ತಿದ್ದುಪಡಿ ಪ್ರಕಾರ, ತಾನು ಹಾಡಿದ್ದನ್ನು ವ್ಯಾಪಾರಕ್ಕೆ ಬಳಸಿದರೆ ಗಾಯಕನಿಗೆ ರಾಯಲ್ಟಿ ಕೇಳುವ ಹಕ್ಕಿದೆ. ಇದು ಗೊತ್ತಿಲ್ಲದೆ, ಒಂದು ಶಾಲು ಮತ್ತು ಊಟಕ್ಕೆ ಹಾಡಿ ಹೋಗುವ ಅಜ್ಜಿಯಂದಿರು ಗಡಿಯ ಎರಡೂ ಕಡೆ ಇದ್ದಾರೆ.

ಊರಿನ ತಂಡಗಳು ಗಮನಿಸಬೇಕಾದ್ದು

ದೇವಸ್ಥಾನದ ಧಾರ್ಮಿಕ ವಿಧಿಯಲ್ಲಿ, ಮದುವೆ ದಿಬ್ಬಣದಲ್ಲಿ ಹಾಡು ಹಾಡಿದರೆ ಕಾಯಿದೆಯಲ್ಲಿ ವಿನಾಯಿತಿ ಇದೆ. ಅದನ್ನೇ ರೆಕಾರ್ಡು ಮಾಡಿ ಯೂಟ್ಯೂಬಿಗೆ ಹಾಕಿದರೆ ಆ ವಿನಾಯಿತಿ ಜತೆಗೆ ಬರುವುದಿಲ್ಲ. ಸಿನಿಮಾ ಟ್ಯೂನಿಗೆ ದೇವರ ಸಾಹಿತ್ಯ ಜೋಡಿಸಿದರೆ ಸಾಹಿತ್ಯ ಮಾತ್ರ ತಮ್ಮದು, ಟ್ಯೂನು ಬೇರೆಯವರದ್ದೇ.

ಸ್ವಂತ ಹಾಡು ಕಟ್ಟಿದವರಿಗೆ ನೋಂದಣಿ ಕಡ್ಡಾಯವಲ್ಲ. ಹಾಡು ದಾಖಲಾದಾಗಲೇ ಹಕ್ಕು ಹುಟ್ಟುತ್ತದೆ. ಆದರೆ ನಾಳೆ ತಕರಾರು ಬಂದರೆ ಯಾವಾಗ, ಯಾರು ಕಟ್ಟಿದ್ದು ಎಂಬುದಕ್ಕೆ ಸಾಕ್ಷಿ ಬೇಕು. ತಾರೀಕು ಹಾಕಿದ ಸಾಹಿತ್ಯದ ಪ್ರತಿ, ಮೊದಲ ಬಾರಿ ಹಾಡಿದ ಮೊಬೈಲ್ ರೆಕಾರ್ಡಿಂಗ್ ಜೋಪಾನ ಮಾಡಿಟ್ಟರೆ ಉಪಯೋಗಕ್ಕೆ ಬಂದೀತು. ಆಲ್ಬಂ ಕಂಪನಿಗೆ ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಎಂಬ ಸಾಲು ನೋಡದೆ ಸಹಿ ಹಾಕಬಾರದು. ಅವಧಿ ನಮೂದಿಸದಿದ್ದರೆ ಆ ಬರಹ ಐದೇ ವರ್ಷಕ್ಕೆ ಎಂದು ಕಾಯಿದೆ ಹೇಳುತ್ತದೆ. 'ಶಾಶ್ವತವಾಗಿ' ಎಂಬ ಒಂದು ಪದ ಕಾಗದದಲ್ಲಿದ್ದರೆ ಆ ರಕ್ಷಣೆಯೂ ಕೈತಪ್ಪುತ್ತದೆ.