‘ಇತರೆ ಅಂಶಗಳು’ ಎಂಬ ಕಲಂ

2023ರ ಡಿಸೆಂಬರ್ 3ರ ಭಾನುವಾರ ನಾನು ಅಮೆರಿಕದ ಫ್ಲಾರಿಡಾ ರಾಜ್ಯದ ಟಲಹಾಸಿಯಲ್ಲಿ ಮಗಳ ಮನೆಯಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿಗೆ ಸೂತಕದ ಕಳೆ ಬಂದಿತ್ತು. ಆ ಊರಿನ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಆಡಿದ 13 ಪಂದ್ಯಗಳನ್ನೂ ಗೆದ್ದಿತ್ತು. ಆದರೂ ರಾಷ್ಟ್ರೀಯ ಪ್ರಶಸ್ತಿಗೆ ಸೆಣಸಲು ಆಯ್ಕೆಯಾದ ನಾಲ್ಕು ತಂಡಗಳಲ್ಲಿ ಅದರ ಹೆಸರಿರಲಿಲ್ಲ. ತಲಾ ಒಂದು ಪಂದ್ಯ ಸೋತಿದ್ದ ಟೆಕ್ಸಸ್ ಮತ್ತು ಅಲಬಾಮಾ ಒಳಗಿದ್ದವು. ತಂಡದ ಸೂತ್ರಧಾರನಂತಿದ್ದ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ನವೆಂಬರ್‌ನಲ್ಲಿ ಕಾಲಿಗೆ ತೀವ್ರವಾಗಿ ಪೆಟ್ಟು ಮಾಡಿಕೊಂಡಿದ್ದರು. ಅವರಿಲ್ಲದ ತಂಡ ಮೊದಲಿನ ತಂಡವಲ್ಲ ಎಂಬುದು ಆಯ್ಕೆ ಸಮಿತಿಯ ವಾದ.

ಅಮೆರಿಕನ್ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಅದರ ನಿಯಮಗಳು ನನಗೆ ಇಂದಿಗೂ ಪೂರ್ತಿ ತಿಳಿಯವು. ಆದರೆ ಆಯ್ಕೆ ಸಮಿತಿಗಳ ರೀತಿನೀತಿ ತಿಳಿಯುತ್ತದೆ. ಸೇವಾವಧಿಯಲ್ಲಿ ಅಂಥ ಎಷ್ಟೋ ಸಮಿತಿಗಳಲ್ಲಿ ಕುಳಿತು ಎದ್ದವನು ನಾನು.

ಸಮಸ್ಯೆಯ ಬೇರು ಗಣಿತದಲ್ಲಿದೆ. ಅಗ್ರ ವಿಭಾಗದಲ್ಲಿ 130ಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ಒಂದು ತಂಡ ಋತುವಿಗೆ ಆಡುವುದು ಹನ್ನೆರಡೋ ಹದಿಮೂರೋ ಪಂದ್ಯ. ಪರಸ್ಪರ ಎದುರಾಗದ ತಂಡಗಳಲ್ಲಿ ಯಾವುದು ಮೇಲು ಎಂಬುದಕ್ಕೆ ಯಾರದೋ ಅಭಿಪ್ರಾಯವೇ ಗತಿ. ಹಲವರ ಶ್ರೇಯಾಂಕಗಳನ್ನು ಬೆರೆಸಿ ನಿರ್ದುಷ್ಟವಾದ ಒಂದೇ ಶ್ರೇಯಾಂಕ ಪಡೆಯಲಾಗದೆಂದು ಕೆನೆತ್ ಆರೋ 1951ರಲ್ಲೇ ತೋರಿಸಿಕೊಟ್ಟರು. ಇದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತ ಸಂಗತಿ.

1997ರಲ್ಲಿ ಪತ್ರಕರ್ತರು ಮಿಷಿಗನ್ ತಂಡವನ್ನು, ತರಬೇತುದಾರರು ನೆಬ್ರಾಸ್ಕಾವನ್ನು ಚಾಂಪಿಯನ್ ಎಂದರು. ಮರುವರ್ಷ ಮತಗಳ ಜತೆ ಕಂಪ್ಯೂಟರ್ ಲೆಕ್ಕ ಸೇರಿಸಿದ ‘ಬಿಸಿಎಸ್’ ಸೂತ್ರ ಬಂತು. 2003ರಲ್ಲಿ ಆ ಸೂತ್ರ, ಎರಡೂ ಮತಗಣನೆಗಳಲ್ಲಿ ಮೊದಲಿದ್ದ ದಕ್ಷಿಣ ಕ್ಯಾಲಿಫೋರ್ನಿಯಾ ತಂಡವನ್ನೇ ಅಂತಿಮ ಪಂದ್ಯದಿಂದ ಹೊರಗಿಟ್ಟಿತು. ರಂಪವಾದಾಗಲೆಲ್ಲ ಸೂತ್ರ ತಿದ್ದಿದರು. ಹೋದ ವರ್ಷದ ಗಾಯಕ್ಕೆ ಈ ವರ್ಷ ಮುಲಾಮು. ಕೊನೆಗೆ ಬೇಸತ್ತು 2014ರಲ್ಲಿ 13 ಜನರ ಸಮಿತಿಯ ಕೈಗೆ ಎಲ್ಲವನ್ನೂ ಒಪ್ಪಿಸಿದರು.

ಸಮಿತಿ 2023ರಲ್ಲಿ ನಿಯಮ ಮೀರಿತೆಂದು ಹೇಳಲಾಗದು. ಪ್ರಮುಖ ಆಟಗಾರರ ಗೈರುಹಾಜರಿಯಂಥ ‘ಇತರೆ ಅಂಶ’ಗಳನ್ನು ಪರಿಗಣಿಸಲು ಅದರ ನಿಯಮಾವಳಿಯಲ್ಲೇ ಅವಕಾಶವಿತ್ತು. ನನಗೆ ಕಸಿವಿಸಿಯಾಗುವುದು ಇಲ್ಲಿಯೇ. ನಾನು ಕಂಡ ಸಮಿತಿಗಳಲ್ಲೂ ಕೊನೆಗೆ ಅಂಥದೊಂದು ಕಲಂ ಇರುತ್ತಿತ್ತು. ಅಂಕಗಳೆಲ್ಲ ಒಂದು ದಿಕ್ಕು ತೋರಿದಾಗ ಮನಸ್ಸು ಇನ್ನೊಂದು ದಿಕ್ಕು ಹಿಡಿದಿದ್ದರೆ ಅದು ನೆರವಿಗೆ ಬರುತ್ತಿತ್ತು. ಒಮ್ಮೆ ಅದರಡಿ ನಾನೂ ಸಹಿ ಹಾಕಿದ್ದೇನೆ. ಆ ಕಡತವನ್ನು ಇಂದಿಗೂ ಮರೆತಿಲ್ಲ.

ಕ್ರಿಕೆಟ್ ಬಲ್ಲವರಿಗೆ 2019ರ ವಿಶ್ವಕಪ್ ಫೈನಲ್ ನೆನಪಿರಬಹುದು. ಪಂದ್ಯವೂ ಸೂಪರ್ ಓವರೂ ಸಮವಾದಾಗ ಬೌಂಡರಿಗಳನ್ನು ಎಣಿಸಿ ಇಂಗ್ಲೆಂಡಿಗೆ ಕಪ್ ಕೊಟ್ಟರು. ಹಾಸ್ಯಾಸ್ಪದ ನಿಯಮವೇ ಸರಿ. ಆದರೆ ಅದು ಪಂದ್ಯಕ್ಕೆ ಮೊದಲೇ ಬರೆದಿಟ್ಟದ್ದು, ಆಡಿದ್ದನ್ನೇ ಎಣಿಸಿದ್ದು. ಫ್ಲಾರಿಡಾ ಸ್ಟೇಟ್ ಮಾತ್ರ ಇನ್ನೂ ಆಡದ ಪಂದ್ಯವನ್ನು ಸೋಲಬಹುದೆಂಬ ಊಹೆಗೆ ದಂಡ ತೆತ್ತಿತು. ಮುಂದೆ ಆರೆಂಜ್ ಬೌಲ್ ಪಂದ್ಯದಲ್ಲಿ ಅದು ಜಾರ್ಜಿಯಾಕ್ಕೆ 63-3ರಿಂದ ಸೋತಾಗ ಸಮಿತಿಯ ಸಮರ್ಥಕರು ಬೀಗಿದರು. ಪ್ರಶಸ್ತಿಯ ಆಸೆ ಕಮರಿದ ಮೇಲೆ ಆ ತಂಡದ ಹಲವು ಪ್ರಮುಖರು ಕಣಕ್ಕೇ ಇಳಿಯಲಿಲ್ಲವೆಂಬುದನ್ನು ಅವರು ಮರೆತರು.

2024ರಿಂದ ಸ್ಥಾನಗಳು 12 ಆದವು. ತಕರಾರು ಐದನೆಯ ತಂಡದಿಂದ ಕೆಳಗಿನ ತಂಡಗಳಿಗೆ ಜಾರಿತು, ಅಷ್ಟೆ. ವಾರಗಟ್ಟಲೆ ನೋಟರ್ ಡೇಮ್ ತಂಡವನ್ನು ಮಯಾಮಿಗಿಂತ ಮೇಲಿಟ್ಟಿದ್ದ ಸಮಿತಿ, 2025ರ ಡಿಸೆಂಬರ್‌ನ ಕೊನೆಯ ಪಟ್ಟಿಯಲ್ಲಿ ಆ ಕ್ರಮವನ್ನು ತಿರುಗಿಸಿತು. ಆ ವಾರ ಎರಡೂ ತಂಡಗಳು ಆಡಿರಲೇ ಇಲ್ಲ. ಋತುವಿನ ಮೊದಲ ಪಂದ್ಯದಲ್ಲಿ ಮಯಾಮಿ ಗೆದ್ದಿತ್ತೆಂಬುದು ಕಾರಣ. ತೀರ್ಮಾನ ಸರಿಯಿರಬಹುದು, ಆಗಸ್ಟ್‌ನ ಆ ಫಲಿತಾಂಶ ಡಿಸೆಂಬರ್‌ವರೆಗೆ ಕಡತದಲ್ಲಿ ಮಲಗಿದ್ದೇಕೆ?

ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ. 2024ರಲ್ಲಿ ಇಎಸ್‌ಪಿಎನ್ ವಾಹಿನಿಯೊಡನೆ ಆದ ಆರು ವರ್ಷಗಳ ಪ್ರಸಾರ ಒಪ್ಪಂದದ ಮೊತ್ತ ಸುಮಾರು 780 ಕೋಟಿ ಡಾಲರ್ ಎಂದು ವರದಿಯಾಗಿದೆ. ಇಷ್ಟು ಹಣವಿರುವಲ್ಲಿ, ಯಾವ ಅಂಶಕ್ಕೆ ಎಷ್ಟು ತೂಕವೆಂಬುದನ್ನು ಋತು ಆರಂಭವಾಗುವ ಮೊದಲೇ ಪ್ರಕಟಿಸಬೇಕು. ಕೈಬಿಟ್ಟ ತಂಡಕ್ಕೆ ಲಿಖಿತ ಕಾರಣ ಕೊಡಬೇಕು. ‘ಇತರೆ ಅಂಶಗಳು’ ಎಂಬ ಕಲಂ ಅನ್ನು ಮಾತ್ರ ಪೂರ್ತಿ ಹೊಡೆದುಹಾಕುವುದೇ ಲೇಸು.